ಗೊರಕೆ ಅಂದ್ರೆ ನಗು ಯಾಕೆ ಬರುತ್ತೆ ನಿಮಗೆ?

ಮೊದಲೇ ಹೇಳಿಬಿಡ್ತೀನಿ, ಇದು ಸಿಟ್ಟಲ್ಲಿ ಬರೆದ ಬರಹ. ಓದಿ ಬೇಜಾರಾದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ತಿಂಗಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಬಂದೆ. ಆಪರೇಷನ್ನಿಗಲ್ಲ, ಜ್ವರಕ್ಕಲ್ಲ... ಬರೀ ಮಲಗೋದಕ್ಕೆ! ನಾನು ಹೇಗೆ ನಿದ್ದೆ ಮಾಡ್ತೀನಿ ಅಂತ ಯಂತ್ರಗಳು ರಾತ್ರಿಯಿಡೀ ಅಳೆದವು. ಇದಕ್ಕೆ ಸ್ಲೀಪ್ ಸ್ಟಡಿ ಅಂತಾರೆ. ಡಾಕ್ಟರುಗಳ ಬಾಯಲ್ಲಿ ಪಾಲಿಸೋಮ್ನೋಗ್ರಫಿ. ಊರಿಗೆ ವಾಪಸ್ ಬಂದು ಹೇಳಿದ್ರೆ ಕೇಳಿದವರೆಲ್ಲ ನಕ್ಕರು. ಸ್ಟೇಷನ್ ಹತ್ತಿರದ ಟೀ ಅಂಗಡಿಯಲ್ಲಂತೂ ಗೆಳೆಯನೊಬ್ಬ, "ಗೊರಕೆ ಹೊಡೆಯಾಕೆ ಬೆಂಗಳೂರಿಗೆ ಹೋಗಿದ್ಯೇನ್ಲಾ? ನಮ್ಮ ಪ್ಲಾಟ್‌ಫಾರಂ ಬೆಂಚು ಸಾಕಾಗ್ಲಿಲ್ವಾ?" ಅಂದ. ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ನಡೆದು ಬರುವಾಗ ದಾರೀಲಿ ಸಿಟ್ಟು ಬಂತು. ಅವನ ಮೇಲಲ್ಲ, ನಾನೂ ನಕ್ಕಿದ್ದೆನಲ್ಲ, ಅದಕ್ಕೆ.

ನಮ್ಮದು ಚಿಕ್ಕಜಾಜೂರು, ಹೊಳಲ್ಕೆರೆ ತಾಲ್ಲೂಕು. ಬೆಂಗಳೂರು-ಹುಬ್ಬಳ್ಳಿ ಲೈನಿನಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಗೆ ಹಳಿ ಕವಲಾಗುವ ಜಂಕ್ಷನ್ನು. ನಡುರಾತ್ರಿ ಗೂಡ್ಸ್ ಗಾಡಿ ಹೋಗುವಾಗ ಕಿಟಕಿ ಗಡಗಡ ಅಂದ್ರೂ ನಮಗೆ ಎಚ್ಚರ ಆಗಲ್ಲ. ಇಂಥಾ ಊರಲ್ಲಿ ಗೊರಕೆಗೆ ಏನು ಹೆಸರು ಇಡ್ತಾರೆ ಹೇಳಿ? ಗೂಡ್ಸ್ ಗಾಡಿ ಅಂತಲೇ. ನಮ್ಮ ಮನೆತನದ ಗಂಡಸರಿಗೆಲ್ಲ ಆ ಬಿರುದು ಇದೆ.

ಆ ಬಿರುದು ಮೊದಲು ಬಂದಿದ್ದು ನಮ್ಮ ದೊಡ್ಡಪ್ಪನಿಗೆ. ಜಗಲಿ ಮೇಲೆ ಮಲಗಿದ್ರೆ ಬೀದಿಯ ಕೊನೆಗೆ ಕೇಳಿಸೋದು. ನಾವು ಮಕ್ಕಳು ಅವರ ಮೂಗಿನ ಹತ್ತಿರ ಹಾಳೆ ಚೂರು ಹಿಡಿದು ಅದು ಪಟಪಟ ಅನ್ನೋದನ್ನ ನೋಡಿ ಬಿದ್ದೂ ಬಿದ್ದೂ ನಗ್ತಿದ್ವಿ. ಒಮ್ಮೊಮ್ಮೆ ಹಾಳೆ ಅಲ್ಲಾಡೋದು ನಿಂತುಬಿಡೋದು. ನಾವೂ ಉಸಿರು ಬಿಗಿಹಿಡಿದು ಕಾಯ್ತಿದ್ವಿ. ಆಮೇಲೆ ದೊಡ್ಡಪ್ಪ ನೀರಿಂದ ಮೇಲೆದ್ದವರ ಹಾಗೆ "ಹ್ಹಾ" ಅಂತ ಉಸಿರೆಳೆದಾಗ ಇನ್ನೂ ಜೋರು ನಗು. ಹಗಲು ಊಟದ ತಟ್ಟೆ ಮುಂದೇನೇ ತೂಕಡಿಸೋರು. ಪಂಚಾಯ್ತಿ ಕಟ್ಟೆಯಲ್ಲಿ ನ್ಯಾಯ ಹೇಳ್ತಾ ಹೇಳ್ತಾ ನಿದ್ದೆ ಹೋಗೋರು. ಬಿಪಿ ಇತ್ತು. ಐವತ್ತೆಂಟನೇ ವಯಸ್ಸಿಗೆ ಒಂದು ಬೆಳಗ್ಗೆ ಏಳಲೇ ಇಲ್ಲ. ಮಣ್ಣಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಪುಣ್ಯವಂತ ಕಣಪ್ಪಾ, ನಿದ್ದೇಲೇ ಹೋದ."

ಪುಣ್ಯವಂತ! ಅವರು ಯಾಕೆ ಹೋದರು ಅಂತ ಯಾರೂ ಪರೀಕ್ಷೆ ಮಾಡಲಿಲ್ಲ, ಹಾಗಾಗಿ ಇದೇ ಕಾರಣ ಅಂತ ನಾನೂ ಹೇಳಲ್ಲ. ಆದ್ರೆ ಆ ಹಾಳೆ ಚೂರು ನಿಂತುಹೋಗಿದ್ದನ್ನ ನೋಡಿದವನು ನಾನು. ಈಗ ಅದನ್ನ ನೆನೆಸಿಕೊಂಡ್ರೆ ನಗು ಬರಲ್ಲ.

ನನ್ನ ವಿಷಯಕ್ಕೆ ಬರ್ತೀನಿ. ಮೂರು ವರ್ಷದಿಂದ ಬಿಪಿ ಮಾತ್ರೆ. ಮೊದಲು ಒಂದಿತ್ತು, ಎರಡಾಯ್ತು, ಮೂರಾಯ್ತು. ಬಿಪಿ ಮಾತ್ರ ಇಳೀಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ತಲೆನೋವು. ರಾತ್ರಿ ನಾಲ್ಕು ಸಲ ಉಚ್ಚೆಗೆ ಏಳೋದು. ಸಕ್ಕರೆ ಕಾಯಿಲೆ ಇರಬೇಕು ಅಂತ ಎರಡು ಸಲ ರಕ್ತ ಕೊಟ್ಟೆ, ಇರಲಿಲ್ಲ. ಮಧ್ಯಾಹ್ನ ಬೈಕಲ್ಲಿ ಹೊಳಲ್ಕೆರೆಯಿಂದ ಬರುವಾಗ ಒಮ್ಮೆ ರಸ್ತೆ ಬಿಟ್ಟು ಹೊಲಕ್ಕೆ ಇಳಿದಿದ್ದೆ. ಜೋಳದ ಹೊಲ ಆಗಿದ್ದಕ್ಕೆ ಇವತ್ತು ಬರೀತಿದೀನಿ. ಇಷ್ಟೆಲ್ಲ ಆದ್ರೂ ನೋಡಿದ ಯಾವ ಡಾಕ್ಟ್ರೂ "ಗೊರಕೆ ಹೊಡೀತೀರಾ?" ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಗೊರಕೆ ಅನ್ನೋದು ಡಾಕ್ಟ್ರಿಗೆ ಹೇಳೋ ವಿಷಯ ಅಂತ ನಮಗೆ ಯಾರು ಹೇಳಿಕೊಟ್ಟಿದ್ದಾರೆ?

ಹೇಳಿದ್ದು ನನ್ನ ಹೆಂಡತಿ. ಒಂದು ರಾತ್ರಿ ಎಬ್ಬಿಸಿ ಕೂರಿಸಿ ಅಂದ್ಲು: "ರೀ, ನೀವು ಗೊರಕೆ ಹೊಡೆಯುವಾಗ ನಂಗೇನೂ ಭಯ ಇಲ್ಲ, ನಿದ್ದೆ ಬರುತ್ತೆ. ಅದು ನಿಂತಾಗ ಭಯ ಆಗುತ್ತೆ. ಇವತ್ತು ಮೂವತ್ತೆರಡು ಎಣಿಸಿದೆ." ಎಷ್ಟು ದಿನದಿಂದ ಎಣಿಸ್ತಿದ್ದೀಯ ಅಂದೆ. ಎರಡು ವರ್ಷ ಆಯ್ತು ಅಂದ್ಲು. ಅಷ್ಟು ದಿನ ಯಾಕೆ ಹೇಳಲಿಲ್ಲ ಅಂದ್ರೆ, "ಹೇಳಿದ್ನಲ್ಲ, ನೀವು ನಕ್ಕು ಆ ಕಡೆ ಹೊರಳಿ ಮಲಗ್ತಿದ್ರಿ." ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮರುವಾರ ದಾವಣಗೆರೆಯಲ್ಲಿ ಒಬ್ಬ ಡಾಕ್ಟ್ರಿಗೆ ತೋರಿಸಿದ್ವಿ. ಅವರು ನನ್ನ ಬಿಟ್ಟು ಇವಳನ್ನೇ ಹತ್ತು ನಿಮಿಷ ಪ್ರಶ್ನೆ ಕೇಳಿದರು, ಟೇಪು ತಗೊಂಡು ನನ್ನ ಕುತ್ತಿಗೆ ಸುತ್ತಳತೆ ಅಳೆದರು, ಸ್ಲೀಪ್ ಸ್ಟಡಿ ಮಾಡಿಸಿ ಅಂದರು. ಮಗಳು ಬೆಂಗಳೂರಲ್ಲಿ ಇದ್ದಾಳೆ ಅಂತ ಅಲ್ಲಿಗೇ ಹೋದೆ.

ಆ ರಾತ್ರಿ ಹೇಗಿತ್ತು ಅಂತ ಹೇಳಲೇಬೇಕು. ತಲೆಗೆ ಎಣ್ಣೆ ಹಚ್ಚಬೇಡಿ, ಮಧ್ಯಾಹ್ನದ ಮೇಲೆ ಕಾಫಿ ಕುಡೀಬೇಡಿ, ಮಧ್ಯಾಹ್ನ ಮಲಗಬೇಡಿ ಅಂತ ಮೊದಲೇ ಹೇಳಿದ್ರು. ರಾತ್ರಿ ಒಂಬತ್ತಕ್ಕೆ ಹೋದೆ. ಲಾಡ್ಜಿನ ರೂಮಿನ ಥರ ಒಂದು ರೂಮು, ಮೂಲೆಯಲ್ಲಿ ಕ್ಯಾಮೆರಾ. ಒಬ್ಬ ಹುಡುಗ ಬಂದು ಮುಕ್ಕಾಲು ಗಂಟೆ ನನಗೆ ವೈರು ಹಚ್ಚಿದ. ತಲೆಬುರುಡೆ ಮೇಲೆ ಅಲ್ಲಲ್ಲಿ ಪೇಸ್ಟು ಮೆತ್ತಿ ವೈರು: ಮೆದುಳು ಮಲಗಿದೆಯೋ ಎಚ್ಚರ ಇದೆಯೋ ನೋಡೋಕೆ. ಕಣ್ಣಿನ ಪಕ್ಕದಲ್ಲಿ: ಕನಸಿನ ನಿದ್ದೆಯಲ್ಲಿ ಗುಡ್ಡೆ ಓಡಾಡುತ್ತಲ್ಲ, ಅದಕ್ಕೆ. ಗದ್ದಕ್ಕೆ, ಎದೆಗೆ, ಎರಡು ಕಾಲಿಗೆ. ಮೂಗಿನ ಕೆಳಗೆ ಗಾಳಿ ಅಳೆಯೋ ಕೊಳವೆ. ಎದೆಗೂ ಹೊಟ್ಟೆಗೂ ಒಂದೊಂದು ಬೆಲ್ಟು. ಬೆರಳಿಗೆ ಆಕ್ಸಿಜನ್ ಕ್ಲಿಪ್ಪು. ಕನ್ನಡಿ ನೋಡಿಕೊಂಡೆ, ನಮ್ಮ ಸ್ಟೇಷನ್ನಿನ ಸಿಗ್ನಲ್ ಪೆಟ್ಟಿಗೆ ಬಾಗಿಲು ತೆಗೆದ ಹಾಗೆ ಕಾಣ್ತಿದ್ದೆ :-)

ಎದೆಗೂ ಹೊಟ್ಟೆಗೂ ಬೆಲ್ಟು ಯಾಕಪ್ಪಾ ಅಂತ ಕೇಳಿದೆ. ಹುಡುಗ ಹೇಳಿದ್ದು ಇದು: "ಸಾರ್, ಮೂಗಲ್ಲಿ ಗಾಳಿ ನಿಂತಿದ್ದೂ ಎದೆ ಹೊಟ್ಟೆ ಎಳೀತಾ ಇದ್ರೆ ಗಂಟಲು ಮುಚ್ಚಿದೆ ಅಂತ ಅರ್ಥ. ಎದೆ ಹೊಟ್ಟೆನೂ ನಿಂತಿದ್ರೆ ಮೆದುಳೇ ಉಸಿರಾಡು ಅಂತ ಹೇಳಿಲ್ಲ ಅಂತ ಅರ್ಥ." ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ನಿದ್ದೆಯಲ್ಲಿ ಗಂಟಲಿನ ಮಾಂಸಖಂಡ ಸಡಿಲ ಆಗುತ್ತೆ. ದಾರಿ ಕಿರಿದಾದರೆ ಗಾಳಿ ನುಗ್ಗುವಾಗ ಬರೋ ಅದುರಾಟ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಗೊರಕೆ ಇಲ್ಲ, ಉಸಿರೂ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಿಂದ ಅರೆ ಎಚ್ಚರ ಮಾಡಿಸುತ್ತೆ, ಬಿಪಿ ಏರುತ್ತೆ, "ಹ್ಹಾ" ಅಂತ ಉಸಿರು ಬರುತ್ತೆ. ಮತ್ತೆ ನಿದ್ದೆ, ಮತ್ತೆ ಅದೇ. ಬೆಳಗ್ಗೆ ಇದ್ಯಾವುದೂ ನೆನಪಿರಲ್ಲ.

ನಿದ್ದೆ ಬರೋಕೆ ಬಹಳ ಹೊತ್ತಾಯ್ತು. ರೈಲಿನ ಸದ್ದೇ ಇಲ್ಲದ ಮೌನದಲ್ಲಿ ನಾನು ಮಲಗಿ ಅಭ್ಯಾಸ ಇಲ್ಲ. ಯಾವಾಗಲೋ ಕಣ್ಣು ಹತ್ತಿತು. ಎರಡು ಗಂಟೆ ಸುಮಾರಿಗೆ ಹುಡುಗ ಬಂದು ಎಬ್ಬಿಸಿ ಮೂಗಿಗೆ ಮಾಸ್ಕು ಹಾಕಿದ. ಮೊದಲರ್ಧದಲ್ಲೇ ಕಾಯಿಲೆ ಜೋರಾಗಿ ಕಂಡ್ರೆ ಉಳಿದರ್ಧದಲ್ಲಿ ಸಿಪ್ಯಾಪ್ ಯಂತ್ರ ಹಾಕಿ ಎಷ್ಟು ಒತ್ತಡ ಬೇಕು ಅಂತ ನೋಡ್ತಾರಂತೆ. ಗಾಳಿಯ ಒತ್ತಡದಿಂದ ಗಂಟಲನ್ನ ತೆರೆದಿಡೋ ಯಂತ್ರ ಅದು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಅನ್ನೋ ಡಾಕ್ಟ್ರು ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನ ತಿರುಗುಮುರುಗು ಮಾಡಿ ಶುರು ಮಾಡಿದ್ದು. ಅದಕ್ಕೂ ಮುಂಚೆ ಜೋರು ಕಾಯಿಲೆ ಇದ್ದವರಿಗೆ ಕುತ್ತಿಗೆಯಲ್ಲಿ ತೂತು ಕೊರೆಯೋದೇ ಚಿಕಿತ್ಸೆ ಆಗಿತ್ತು.

ಬೆಳಗ್ಗೆ ಐದೂವರೆಗೆ ಎದ್ದಾಗ ತಲೆನೋವು ಇರಲಿಲ್ಲ. ಮೂರೇ ಮೂರು ಗಂಟೆ ಮಾಸ್ಕಿನ ನಿದ್ದೆ! ಕೂದಲಲ್ಲಿ ಪೇಸ್ಟು ಇಟ್ಕೊಂಡೇ ಹೊರಗೆ ಬಂದು ಕಾಫಿ ಕುಡಿದೆ. ಎಷ್ಟೋ ವರ್ಷದ ಮೇಲೆ ಬೆಳಗು ಬೆಳಗಿನ ಹಾಗೆ ಇತ್ತು.

ವರದಿ ಬಂತು. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಉಸಿರು ನಿಂತಿದ್ದು, ತೀರಾ ಕಮ್ಮಿಯಾಗಿದ್ದು ಗಂಟೆಗೆ ಎಷ್ಟು ಸಲ ಅಂತ ಲೆಕ್ಕ ಹಾಕ್ತಾರೆ. ಐದರೊಳಗಿದ್ರೆ ಪರವಾಗಿಲ್ಲ, ಹದಿನೈದರವರೆಗೆ ಸ್ವಲ್ಪ, ಮೂವತ್ತರವರೆಗೆ ಮಧ್ಯಮ, ಆಮೇಲೆ ತೀವ್ರ. ನನ್ನದು ಗಂಟೆಗೆ 47. ಏಳು ಗಂಟೆ ಮಲಗಿದ್ರೆ ಮುನ್ನೂರಕ್ಕೂ ಹೆಚ್ಚು ಸಲ. ಆಕ್ಸಿಜನ್ ಇಳಿದ ಕನಿಷ್ಠ ಮಟ್ಟ 71.

71 ಅಂದ್ರೆ ಏನು ಅಂತ ನಿಮಗೆ ನಾನು ವಿವರಿಸಬೇಕಾಗಿಲ್ಲ. 2021ರ ಮೇ ತಿಂಗಳು ನೆನಪಿದೆಯಲ್ಲ? ಬೆರಳಿನ ಕ್ಲಿಪ್ಪಲ್ಲಿ 90 ತೋರಿಸಿದ್ರೆ ಮನೆಮಂದಿಯೆಲ್ಲ ಬೆಡ್ಡಿಗಾಗಿ ಓಡಾಡಿದ್ವಿ, ಗೊತ್ತಿದ್ದವರಿಗೆಲ್ಲ ಫೋನು ಮಾಡಿದ್ವಿ. ಗಂಟಲು ಮುಚ್ಚಿದ ಕೆಲವು ಸೆಕೆಂಡು ಮಾತ್ರ ಇಳಿದು ಮತ್ತೆ ಏರುತ್ತೆ, ಕೋವಿಡ್ ಥರ ಅಲ್ಲ, ನಿಜ. ಆದ್ರೂ ಅದೇ ಕ್ಲಿಪ್ಪಲ್ಲಿ ಅದೇ ನಂಬರು ನನ್ನ ಮನೆಯಲ್ಲಿ ವರ್ಷಗಟ್ಟಲೆ ರಾತ್ರಿ ಹೊತ್ತು ಬೀಳ್ತಾ ಇದ್ದಿರಬೇಕು. ಅದಕ್ಕೆ ನಾವು ಇಟ್ಟ ಹೆಸರು ಗೂಡ್ಸ್ ಗಾಡಿ.

ಈಗ ನನ್ನ ಜಗಳ ಶುರು.

ಮೊದಲ ಜಗಳ ನಮ್ಮ ನಗುವಿನ ಜೊತೆ. ಸಿನಿಮಾದಲ್ಲಿ ದಪ್ಪಗಿರೋ ಪಾತ್ರ ಬಂದ್ರೆ ಗೊರಕೆ ಹೊಡೆಸಬೇಕು, ಕುಂಭಕರ್ಣ ಅನ್ನಬೇಕು. "ಎಷ್ಟು ನೆಮ್ಮದಿ ನಿದ್ದೆ ನೋಡು" ಅನ್ನಬೇಕು. ಉಸಿರು ಕಟ್ಟಿ ಒದ್ದಾಡೋದು ನೆಮ್ಮದಿಯಾ? ಇಂಗ್ಲಿಷಿನವರೇನೂ ಕಮ್ಮಿ ಇಲ್ಲ, ಡಿಕನ್ಸ್ ತನ್ನ ಪಿಕ್‌ವಿಕ್ ಪೇಪರ್ಸಿನಲ್ಲಿ ನಿಂತಲ್ಲೇ ನಿದ್ದೆ ಹೋಗೋ ದಪ್ಪ ಹುಡುಗನನ್ನ ತಂದು ನಗಿಸಿದ. ಆದ್ರೆ 1956ರಲ್ಲಿ ಅಮೆರಿಕದ ಡಾಕ್ಟರುಗಳು ಅಂಥದೇ ಲಕ್ಷಣದ ರೋಗಿಯನ್ನ ನೋಡಿ ಆ ಕಾದಂಬರಿಯ ಹೆಸರನ್ನೇ ಕಾಯಿಲೆಗೆ ಇಟ್ಟರು. ನಾವಿನ್ನೂ ನಗ್ತಾನೇ ಇದ್ದೀವಿ. 2022ರ ಫೆಬ್ರವರಿಯಲ್ಲಿ ಬಪ್ಪಿ ಲಹರಿ ತೀರಿಕೊಂಡಾಗ ಆಸ್ಪತ್ರೆಯವರು ಸ್ಲೀಪ್ ಅಪ್ನಿಯಾ ಅಂತ ಹೇಳಿದ್ರು, ಪೇಪರಲ್ಲೆಲ್ಲ ಬಂತು. ಎರಡು ದಿನ ಎಲ್ಲರೂ ಓದಿದ್ವಿ, ಆಮೇಲೆ ಮರೆತ್ವಿ.

ಈ ನಗುವಿಗೆ ಹೆಚ್ಚು ಬೆಲೆ ತೆರೋದು ಹೆಂಗಸರು. ಗಂಡಸಿನ ಗೊರಕೆ ತಮಾಷೆ, ಹೆಂಗಸಿನ ಗೊರಕೆ ಅವಮಾನ. ಮದುವೆಗೆ ಬಂದ ಹುಡುಗಿ ಗೊರಕೆ ಹೊಡೀತಾಳೆ ಅಂತ ಯಾವ ತಾಯಿಯಾದ್ರೂ ಬಾಯಿ ಬಿಡ್ತಾಳಾ? ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಜಾಸ್ತಿ ಆಗುತ್ತೆ. ಅವರು ಸುಸ್ತು, ನಿದ್ದೆ ಬರಲ್ಲ, ತಲೆನೋವು ಅಂತ ಹೇಳ್ತಾರೆ, ಟಾನಿಕ್ಕು ಬರೆದುಕೊಟ್ಟು ಕಳಿಸ್ತಾರೆ. ರಾತ್ರಿ ಎದ್ದು ಕೂತು ಅವರ ಉಸಿರು ಎಣಿಸೋ ಗಂಡ ಎಷ್ಟು ಮನೆಯಲ್ಲಿ ಇದ್ದಾನೆ?

ಎರಡನೇ ಜಗಳ ಕೇಳದೇ ಇರೋರ ಜೊತೆ. ದೆಹಲಿಯ ಏಮ್ಸ್ ಸಂಶೋಧಕರು ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2023ರಲ್ಲಿ ಹೇಳಿದ್ದು: ವಯಸ್ಕರಲ್ಲಿ ಸುಮಾರು ನೂರಕ್ಕೆ ಹನ್ನೊಂದು ಜನಕ್ಕೆ ಈ ಕಾಯಿಲೆ ಇದೆ, ದುಡಿಯೋ ವಯಸ್ಸಿನವರೇ ಹತ್ತು ಕೋಟಿ ದಾಟ್ತಾರೆ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗೆ ಬಂದು ತುಂಬೋ ಪಟ್ಟಿ ನೋಡಿದ್ದೀರಾ? ಬೀಡಿ ಸಿಗರೇಟು ಕೇಳ್ತಾರೆ, ಕುಡಿತ ಕೇಳ್ತಾರೆ, ಸೊಂಟದ ಸುತ್ತಳತೆ ಹಿಡೀತಾರೆ. ಒಳ್ಳೇದೇ. ಗೊರಕೆಯ ಪ್ರಶ್ನೆ ಅದರಲ್ಲಿಲ್ಲ. ಸೊಂಟ ಅಳೆಯೋ ಟೇಪು ಒಂದೂವರೆ ಅಡಿ ಮೇಲೆ ಹೋದ್ರೆ ಕುತ್ತಿಗೆ ಸಿಗುತ್ತೆ ಸ್ವಾಮೀ! ಡ್ರೈವಿಂಗ್ ಲೈಸೆನ್ಸಿನ ಅರ್ಜಿಯಲ್ಲಿ ಮೂರ್ಛೆ ರೋಗ ಇದೆಯಾ, ಪ್ರಜ್ಞೆ ತಪ್ಪುತ್ತಾ ಅಂತ ಕೇಳ್ತಾರೆ. ಸ್ಟೇರಿಂಗ್ ಹಿಡಿದು ತೂಕಡಿಸ್ತೀಯಾ ಅಂತ ಕೇಳಲ್ಲ. ಹಿರಿಯೂರಿನಿಂದ ಚಿತ್ರದುರ್ಗದ ಕಡೆ ರಾತ್ರಿಯೆಲ್ಲ ಲಾರಿ ಓಡೋ ಹೆದ್ದಾರಿ ನಮ್ಮ ಜಿಲ್ಲೆಯಲ್ಲೇ ಇದೆ.

ಹಳಿ ಪಕ್ಕದ ಊರಿನವನಾದ್ದರಿಂದ ರೈಲಿನ ಕಥೆ ಎರಡು ಹೇಳ್ತೀನಿ. 2013ರ ಡಿಸೆಂಬರ್ 1, ಭಾನುವಾರ ಬೆಳಗ್ಗೆ. ನ್ಯೂಯಾರ್ಕಿನಲ್ಲಿ ಗಂಟೆಗೆ 48 ಕಿಲೋಮೀಟರ್ ವೇಗ ಮೀರಬಾರದ ತಿರುವಿನಲ್ಲಿ ಮೆಟ್ರೋ-ನಾರ್ತ್ ರೈಲು ಸುಮಾರು 132ರಲ್ಲಿ ನುಗ್ಗಿ ಹಳಿ ತಪ್ಪಿತು, ನಾಲ್ಕು ಜನ ಸತ್ತರು. ಚಾಲಕ ಕುಡಿದಿರಲಿಲ್ಲ, ಫೋನಲ್ಲಿರಲಿಲ್ಲ. ಆಮೇಲೆ ಸ್ಲೀಪ್ ಸ್ಟಡಿ ಮಾಡಿದಾಗ ತೀವ್ರ ಸ್ಲೀಪ್ ಅಪ್ನಿಯಾ. 2016ರ ಸೆಪ್ಟೆಂಬರ್ 29, ನ್ಯೂಜೆರ್ಸಿಯ ಹೊಬೋಕೆನ್ ನಿಲ್ದಾಣ. ನಿಲ್ಲಬೇಕಾದ ರೈಲು ಹಳಿ ಮುಗಿದಲ್ಲಿ ಗುದ್ದಿ ಒಳಗೆ ನುಗ್ಗಿತು, ಪ್ಲಾಟ್‌ಫಾರಂನಲ್ಲಿದ್ದ ಹೆಂಗಸೊಬ್ಬರು ಸತ್ತರು. ಚಾಲಕನಿಗೆ ಅದೇ ಕಾಯಿಲೆ, ಅದೂ ಅಪಘಾತದ ಮೇಲೆ ಪತ್ತೆ. ಇಷ್ಟಾದ ಮೇಲೆ ರೈಲು, ಲಾರಿ ಚಾಲಕರಿಗೆಲ್ಲ ಈ ಪರೀಕ್ಷೆ ಕಡ್ಡಾಯ ಮಾಡಬೇಕಾ ಅಂತ ಯೋಚನೆ ಶುರು ಮಾಡಿದ್ದ ಅಮೆರಿಕ ಸರ್ಕಾರ 2017ರ ಆಗಸ್ಟಿನಲ್ಲಿ ಅದನ್ನ ಕೈಬಿಟ್ಟಿತು. ದೊಡ್ಡ ದೇಶಕ್ಕೂ ಇದು ನಿದ್ದೆಯ ವಿಷಯ ತಾನೇ ಅನ್ನಿಸಿತೇನೋ.

ಮೂರನೇ ಜಗಳ ದುಡ್ಡಿನದು. ಆ ಒಂದು ರಾತ್ರಿಗೆ ಹದಿನಾಲ್ಕು ಸಾವಿರ ಕೊಟ್ಟೆ. ವಿಮೆ ಕಂಪನಿಯವರು ಬರೀ ಪರೀಕ್ಷೆಗಾಗಿ ದಾಖಲಾಗಿದ್ದಕ್ಕೆ ಕೊಡಲ್ಲ ಅಂದರು. ನಿಯಮ ತೆಗೆದು ನೋಡಿದೆ, ಇದೆ. ಅದೇ ವಿಮಾ ಪ್ರಾಧಿಕಾರದ ನಿಯಮದಲ್ಲಿ ಇನ್ನೊಂದು ಕಡೆ, ತೂಕ ಬಹಳ ಇದ್ದು ತೀವ್ರ ಸ್ಲೀಪ್ ಅಪ್ನಿಯಾ ಇದ್ದರೆ ಬೊಜ್ಜಿನ ಆಪರೇಷನ್ನಿಗೆ ದುಡ್ಡು ಕೊಡಬಹುದು ಅಂತಲೂ ಇದೆ! ಅಂದ್ರೆ ಹೊಟ್ಟೆ ಕೊಯ್ಯುವಷ್ಟು ದೊಡ್ಡ ಕಾಯಿಲೆ ಅಂತ ಒಪ್ತೀರಿ, ಇದೆಯೋ ಇಲ್ಲವೋ ಅಂತ ನೋಡೋ ಒಂದು ರಾತ್ರಿಗೆ ಕೊಡಲ್ಲ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಸಿಪ್ಯಾಪ್ ಯಂತ್ರಕ್ಕೂ ಹಣ ಕೊಡೋ ನಿಯಮ ಇದೆ. ಅಡಿಕೆ ಸುಲಿಯೋಕೆ ಹೋಗುವವರ ಗಂಟಲು ಸರ್ಕಾರಿ ನೌಕರರ ಗಂಟಲಿಗಿಂತ ಬೇರೆ ಥರ ಇರುತ್ತಾ?

"ಇದೆಲ್ಲ ಮಾಸ್ಕು ಮಾರೋರ ದಂಧೆ" ಅಂತ ಹೇಳೋರಿಗೂ ಒಂದು ಮಾತು. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಗಟ್ಟಲೆ ಯಂತ್ರಗಳನ್ನ ಒಳಗಿನ ಫೋಮ್ ಪುಡಿಯಾಗುತ್ತೆ ಅಂತ ವಾಪಸ್ ಕರೆಸಿಕೊಳ್ಳಬೇಕಾಯ್ತು. 2016ರಲ್ಲಿ ಭಾರತವೂ ಸೇರಿ ಏಳು ದೇಶಗಳ 2717 ರೋಗಿಗಳ ಮೇಲೆ ನಡೆದ 'ಸೇವ್' ಅಧ್ಯಯನದಲ್ಲಿ ಸಿಪ್ಯಾಪ್ ಹಾಕಿಕೊಂಡವರಿಗೆ ಹೃದಯಾಘಾತ, ಲಕ್ವ ಕಮ್ಮಿ ಆಗಲಿಲ್ಲ. ಇದನ್ನ ಮುಚ್ಚಿಟ್ಟು ನಾನು ವಾದ ಮಾಡಲ್ಲ. ಆದ್ರೆ ಅವರು ಯಂತ್ರ ಹಾಕಿಕೊಂಡಿದ್ದು ರಾತ್ರಿಗೆ ಸರಾಸರಿ ಮೂರು ಚಿಲ್ಲರೆ ಗಂಟೆ ಮಾತ್ರ, ಹಗಲು ಜೋರು ತೂಕಡಿಕೆ ಇದ್ದವರನ್ನ ಅದರಲ್ಲಿ ಸೇರಿಸಿರಲಿಲ್ಲ. ಅದೇ ಅಧ್ಯಯನದಲ್ಲಿ ಮಂಪರು ಕಮ್ಮಿ ಆಯ್ತು, ಮನಸ್ಸಿನ ಸ್ಥಿತಿ ಸುಧಾರಿಸಿತು ಅಂತಲೂ ಇದೆ. ನನಗೆ ಬೈಕು ಹೊಲಕ್ಕೆ ಇಳಿಯದೇ ಇದ್ರೆ ಅದೇ ದೊಡ್ಡ ಲಾಭ. ತೂಕ ಇಳಿಸೋದು, ಕುಡಿಯೋದು ಬಿಡೋದು, ಅಂಗಾತ ಬಿಟ್ಟು ಮಗ್ಗುಲಿಗೆ ಮಲಗೋದು, ಇವುಗಳಿಂದ ಎಷ್ಟೋ ಜನಕ್ಕೆ ಉಪಯೋಗ ಆಗುತ್ತೆ. ಯಾರಿಗೂ ಯಂತ್ರ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕೇಳಿ, ಅಳೆಯಿರಿ ಅಂತ ಹೇಳ್ತಿದ್ದೀನಿ.

ಕೇಳೋಕೆ ಎಂಟೇ ಪ್ರಶ್ನೆ ಸಾಕು. ಕೆನಡಾದ ಡಾಕ್ಟರುಗಳು 2008ರಲ್ಲಿ ಮಾಡಿದ ಪಟ್ಟಿ ಇದೆ, ಸ್ಟಾಪ್-ಬ್ಯಾಂಗ್ ಅಂತ: ಜೋರು ಗೊರಕೆ ಇದೆಯಾ? ಹಗಲು ಸುಸ್ತು, ತೂಕಡಿಕೆ ಇದೆಯಾ? ಉಸಿರು ನಿಂತಿದ್ದನ್ನ ಯಾರಾದರೂ ನೋಡಿದ್ದಾರಾ? ಬಿಪಿ ಇದೆಯಾ? ತೂಕ ಬಹಳ ಇದೆಯಾ? ಐವತ್ತು ದಾಟಿದೆಯಾ? ಕುತ್ತಿಗೆ 40 ಸೆಂಟಿಮೀಟರಿಗಿಂತ ದಪ್ಪ ಇದೆಯಾ? ಗಂಡಸಾ? ಮೂರಕ್ಕೆ ಹೌದು ಅಂದ್ರೆ ಅನುಮಾನ ಪಡಬೇಕು, ಐದಕ್ಕೆ ಹೌದು ಅಂದ್ರೆ ಜೋರು ಅನುಮಾನ. ಸಣಕಲು ಇದ್ದವರು ನಮಗಿಲ್ಲ ಅಂದ್ಕೋಬೇಡಿ, ದವಡೆ ಚಿಕ್ಕದಿದ್ರೂ ಗಂಟಲ ದಾರಿ ಕಿರಿದಾಗುತ್ತೆ.

ಅಳೆಯೋಕೆ ಎಲ್ಲರೂ ನನ್ನ ಹಾಗೆ ರೈಲು ಹತ್ತಿ ಐದಾರು ಗಂಟೆ ಹೋಗಬೇಕಾಗಿಲ್ಲ. ಬೆರಳಿನ ಕ್ಲಿಪ್ಪು, ಮೂಗಿನ ಕೊಳವೆ, ಎದೆಯ ಬೆಲ್ಟು ಇರೋ ಚಿಕ್ಕ ಪೆಟ್ಟಿಗೆಯನ್ನ ಮನೆಗೇ ಕೊಟ್ಟು ಕಳಿಸೋ ಪರೀಕ್ಷೆ ಇದೆ. ಮೆದುಳಿನ ಅಲೆ ನೋಡಲ್ಲ, ಸಣ್ಣ ಪ್ರಮಾಣದ ಕಾಯಿಲೆ ತಪ್ಪಿಹೋಗಬಹುದು, ಹೃದಯದ ತೊಂದರೆ ಇದ್ದವರಿಗೆ ಸಾಲದು. ಆದ್ರೆ ನನ್ನಂಥ 47ರವನನ್ನ ಹಿಡಿಯೋಕೆ ಅದು ಸಾಕು. ತಾಲ್ಲೂಕು ಆಸ್ಪತ್ರೆಗೆ ಅಂಥ ಎರಡು ಪೆಟ್ಟಿಗೆ ಕೊಟ್ಟರೆ ದಿನಕ್ಕೆ ಎರಡು ಮನೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಕ್ಲಿಪ್ಪು ತಂದು ಬೆರಳು ನೋಡಿದವರು ನಾವೇ ತಾನೇ? ಆಗ ಆಗಿದ್ದು ಈಗ ಯಾಕಾಗಲ್ಲ?

ಈಗ ರಾತ್ರಿ ಮಾಸ್ಕು ಹಾಕ್ಕೊಂಡು ಮಲಗ್ತೀನಿ. ನೋಡೋಕೆ ಆನೆ ಸೊಂಡಿಲು ಇದ್ದ ಹಾಗಿದೆ ಅಂತ ಮಗಳು ಫೋಟೋ ತೆಗೆದಿದ್ದಾಳೆ, ಅದಕ್ಕೆ ಬೇಕಾದ್ರೆ ನಗಿ :-) ಮೂರು ಮಾತ್ರೆ ಎರಡಕ್ಕೆ ಇಳಿದಿದೆ. ಇವಳು ಮೊದಲ ವಾರ ನಿದ್ದೆನೇ ಮಾಡಲಿಲ್ಲ, ಗೊರಕೆ ಕೇಳಿಸದೇ ಇದ್ದದ್ದಕ್ಕೆ ಮೂಗಿನ ಹತ್ತಿರ ಕೈ ಇಟ್ಟು ಇಟ್ಟು ನೋಡ್ತಿದ್ಲು. ಈಗ ನನಗಿಂತ ಮುಂಚೆ ಮಲಗ್ತಾಳೆ.

ಇವತ್ತು ರಾತ್ರಿ ನಿಮ್ಮ ಪಕ್ಕ ಮಲಗಿದವರ ಗೊರಕೆ ನಿಂತ್ರೆ "ಸದ್ಯ, ನಿಂತಿತಲ್ಲ" ಅಂತ ಮಗ್ಗುಲು ಬದಲಿಸಬೇಡಿ. ಎಣಿಸಿ. ಹತ್ತು ದಾಟಿದ್ರೆ, ಅದು ಮತ್ತೆ ಮತ್ತೆ ಆದ್ರೆ, ಬೆಳಗ್ಗೆ ನಗದೇ ಅವರಿಗೆ ಹೇಳಿ. ಅವರು ನಕ್ಕರೆ ಮತ್ತೆ ಹೇಳಿ.

ನಾನು ಹೇಳಿದ್ದು ಜಾಸ್ತಿ ಆಯ್ತಾ? ಏನಂತೀರಿ?